ಬೂತಾಯಿ (ಸಾರ್ಡಿನ್) ಮೀನಿನ ತಲೆ-ಕರುಳಿನ ಎಣ್ಣೆ ಮನೆಯಲ್ಲೇ ತೆಗೆದು ಕುಡಿಯಬಹುದಾ?

ಪ್ರಶ್ನೆ: ನಮಸ್ತೆ ಮೇಡಂ, ನಮ್ಮದು ಮಲ್ಪೆ ಹತ್ತಿರ. ಮಳೆಗಾಲ ಕಳೆದ ಮೇಲೆ ಬರುವ ಬೂತಾಯಿ ಕಾವಲಿಗೆ ಹಾಕಿದರೆ ತಾನಾಗಿಯೇ ಎಣ್ಣೆ ಬಿಡುತ್ತದೆ. ತಲೆ, ಕರುಳು ಸುಮ್ನೆ ಬಿಸಾಡುತ್ತೇವೆ. ಅದನ್ನು ಬೇಯಿಸಿ ಎಣ್ಣೆ ತೆಗೆದು ಅಪ್ಪನಿಗೆ ದಿನಾ ಒಂದು ಚಮಚ ಕೊಡಬಹುದಾ? ಅವರಿಗೆ ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) ಜಾಸ್ತಿ, ಮೀನೆಣ್ಣೆ ಮಾತ್ರೆ ದುಬಾರಿ.

ಉತ್ತರ (ಮೀನು ಸಂಸ್ಕರಣೆ ನನ್ನ ಕೆಲಸ): ದಯವಿಟ್ಟು ಕೊಡಬೇಡಿ. ನೀವು ಯೋಚಿಸಿದ್ದು ತಪ್ಪಲ್ಲ, ಆ ತಲೆ-ಕರುಳಿನಲ್ಲಿ ಇಪಿಎ, ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬು ಖಂಡಿತ ಇದೆ. ಆದರೆ ಗಾಳಿ ತಾಗಿದರೆ ಇದರಷ್ಟು ಬೇಗ ಕೆಡುವ ಕೊಬ್ಬು ಬೇರೆ ಕಡಿಮೆ. ಮೀನು ಸತ್ತ ಕೂಡಲೇ ಕರುಳಿನ ಕಿಣ್ವಗಳು ಕೊಬ್ಬನ್ನು ಒಡೆಯಲು ಶುರು ಮಾಡುತ್ತವೆ, ರಕ್ತದ ಕಬ್ಬಿಣ ಆ ಎಣ್ಣೆಯನ್ನು ಇನ್ನೂ ಬೇಗ ಹಳಸಿಸುತ್ತದೆ, ಮೇಲಿಂದ ನೀವು ಒಲೆಯಲ್ಲಿ ಕುದಿಸುತ್ತೀರಿ. ಕಾರ್ಖಾನೆಯಲ್ಲೂ ಮೀನು ಬೇಯಿಸಿ, ಹಿಂಡಿ, ಎಣ್ಣೆ ಬೇರ್ಪಡಿಸುತ್ತಾರೆ. ಆ ಕಚ್ಚಾ ಎಣ್ಣೆ ಸಿಗಡಿ, ಮೀನು ಸಾಕುವವರ ಮೇವಿಗೆ ಹೋಗುತ್ತದೆ. ಮನುಷ್ಯರಿಗೆ ಕೊಡಬೇಕಾದರೆ ಅದರ ಆಮ್ಲ ತೆಗೆಯಬೇಕು, ಜೇಡಿಮಣ್ಣಿನಲ್ಲಿ ಸೋಸಬೇಕು, ನಿರ್ವಾತದಲ್ಲಿ ಹಬೆ ಹಾಯಿಸಿ ವಾಸನೆ ಬಿಡಿಸಬೇಕು, ಕೆಡದ ಹಾಗೆ ವಿಟಮಿನ್ ಇ ಬೆರೆಸಬೇಕು. ಮನೆಯಲ್ಲಿ ಇದು ಆಗುವ ಕೆಲಸವಲ್ಲ. ಹಿಂದೆ ನಮ್ಮ ಕರಾವಳಿಯಲ್ಲಿ ಬೂತಾಯಿ ಎಣ್ಣೆಯನ್ನು ಮರದ ದೋಣಿಗೆ ಬಳಿಯುತ್ತಿದ್ದರು, ಅದಕ್ಕೆ ಅದು ಸರಿ.

ಅಪ್ಪನಿಗೆ ವಾರಕ್ಕೆ ಎರಡು ಸಲ ಬೂತಾಯಿ ಪುಳಿಮುಂಚಿಯನ್ನೇ ಮಾಡಿ ಕೊಡಿ. ಬಿಟ್ಟ ಎಣ್ಣೆ ಸಾರಿನಲ್ಲೇ ಉಳಿಯುತ್ತದೆ. ಕಾಯಿಸಿದರೆ ಕಾವಲಿಯಲ್ಲೇ ಹೋಗುತ್ತದೆ, ಅಲ್ವಾ? ಟ್ರೈಗ್ಲಿಸರೈಡ್ ಇಳಿಸಲು ಮಾತ್ರ ಅದಷ್ಟೇ ಸಾಲದು. ಅದಕ್ಕೆ ವೈದ್ಯರು ದಿನಕ್ಕೆ 2ರಿಂದ 4 ಗ್ರಾಂ ಒಮೆಗಾ-3 ಬರೆಯುತ್ತಾರೆ. ಅಂಗಡಿಯ 1000 ಮಿಲಿಗ್ರಾಂ ಮಾತ್ರೆಯಲ್ಲಿ ಸಾಮಾನ್ಯವಾಗಿ ಇರುವುದು 180 ಇಪಿಎ, 120 ಡಿಎಚ್‌ಎ, ಅಂದರೆ 300 ಮಿಲಿಗ್ರಾಂ ಅಷ್ಟೇ. ಹಾಗಾಗಿ ಡಬ್ಬಿಯ ಮುಂದಿನ ದೊಡ್ಡ ಅಂಕಿ ನೋಡಬೇಡಿ, ಹಿಂದೆ ಬರೆದ ಇವೆರಡನ್ನು ಕೂಡಿಸಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ಇನ್ನೊಬ್ಬರು: ಕಾಡ್ ಲಿವರ್ ಎಣ್ಣೆಯೂ ಇದೂ ಒಂದೇನಾ ಮೇಡಂ? ನಾನು ಬಸುರಿ. ನಮ್ಮತ್ತೆ ಸಸ್ಯಾಹಾರಿ, ಅವರಿಗೆ ಏನು ದಾರಿ?

ಉತ್ತರ: ಒಂದೇ ಅಲ್ಲಮ್ಮ. ಅದು ಕಾಡ್ ಮೀನಿನ ಪಿತ್ತಜನಕಾಂಗದ್ದು, ಅದರಲ್ಲಿ ವಿಟಮಿನ್ ಎ, ಡಿ ತುಂಬಾ ಇರುತ್ತದೆ. ವಿಟಮಿನ್ ಎ ಮಿತಿ ಮೀರಿದರೆ ಮಗುವಿಗೆ ತೊಂದರೆ, ನೀವಾಗಿಯೇ ತಗೊಳ್ಳಬೇಡಿ. ಅತ್ತೆಯವರಿಗೆ ಪಾಚಿ ಎಣ್ಣೆಯ ಮಾತ್ರೆ ಇದೆ. ಮೀನಿಗೂ ಒಮೆಗಾ-3 ಮೂಲದಲ್ಲಿ ಬರುವುದು ಕಡಲಿನ ಸಣ್ಣ ಪಾಚಿಯಿಂದಲೇ. ಅಗಸೆಯಲ್ಲಿರುವುದು ಬೇರೆ ಬಗೆಯದು, ದೇಹ ಅದರಲ್ಲಿ ಸ್ವಲ್ಪವನ್ನು ಮಾತ್ರ ಇಪಿಎ ಮಾಡಿಕೊಳ್ಳುತ್ತದೆ.

ಮೊದಲು ಕೇಳಿದವರು: ಹಾಗಾದರೆ ತಲೆ-ಕರುಳು ಏನು ಮಾಡಲಿ?

ಉತ್ತರ: ತೆಂಗಿನ ಬುಡದಲ್ಲಿ ಗುಂಡಿ ತೆಗೆದು ಹಾಕಿ. ಮೇಲೆ ಚೆನ್ನಾಗಿ ಮಣ್ಣು ಮುಚ್ಚಿ, ಇಲ್ಲದಿದ್ದರೆ ನಾಯಿ ಕೆದಕುತ್ತದೆ.