ಸೀಸರನ ಪಾಠದಾಗ 'ದಿಸ್ಕಿಪ್ಲೀನ' ಅಂದ್ರ ಶಿಸ್ತೋ, ವಿದ್ಯೆಯೋ?

ಮಲಪ್ರಭಾ ದಂಡಿ, ಸವದತ್ತಿ:
ಬೆಳಗಾವಿಯ ನಮ್ಮ ಲ್ಯಾಟಿನ್ ಓದುಗರ ಗುಂಪಿನ್ಯಾಗ ಸೀಸರನ 'ಗಾಲ್ ಯುದ್ಧ'ದ 6ನೇ ಪುಸ್ತಕ ನಡದೈತಿ. ಡ್ರೂಯಿಡರ (ಗಾಲ್ ನಾಡಿನ ಪುರೋಹಿತರ) ಕಡೆ ಹರೇದ ಹುಡುಗರು 'ದಿಸ್ಕಿಪ್ಲೀನೈ ಕೌಸಾ' ಬರ್ತಾರ ಅಂತ 13ನೇ ಅಧ್ಯಾಯದಾಗ ಐತಿ. 'ಶಿಸ್ತಿನ ಕಾರಣದಿಂದ' ಅಂದ್ರ ಅರ್ಥ ಕೂಡಂಗಿಲ್ಲ. ಏನ್ ಬರೀಬೇಕ್ರಿ?

ಬಾಗಲಕೋಟೆ ಓದುಗ:
'ವಿದ್ಯೆ ಕಲಿಯೋ ಸಲುವಾಗಿ' ಅಂತ ಬರೀರಿ. ತೊಡಕು ಎರಡು ಕಡೆ ಐತಿ. 'ಕೌಸಾ' ಷಷ್ಠಿ ವಿಭಕ್ತಿಯ ಪದ ಆದಮ್ಯಾಲೆ ಬಂದ್ರ 'ಸಲುವಾಗಿ' ಅಂತ ತಿಳೀಬೇಕು, 'ಕಾರಣದಿಂದ' ಅಲ್ಲ. 'ದಿಸ್ಕಿಪ್ಲೀನ' ಬಂದದ್ದು 'ದಿಸ್ಕಿಪುಲುಸ್' ಅಂದ್ರ ಶಿಷ್ಯ ಅನ್ನೋ ಪದದಿಂದ. ಕಲಿಯೋದೇ ಮೊದಲನೇ ಅರ್ಥ. ಕಲಿಸೋರ ಕಡೆಯಿಂದ ನೋಡಿದ್ರ 'ದೋಕ್ತ್ರೀನ', ಕಲಿಯೋರ ಕಡೆಯಿಂದ ನೋಡಿದ್ರ 'ದಿಸ್ಕಿಪ್ಲೀನ'.
14ನೇ ಅಧ್ಯಾಯಾನೂ ಕೂಡಿಸಿ ಓದ್ರಿ. ಕೆಲವರು 20 ವರ್ಷ 'ಇನ್ ದಿಸ್ಕಿಪ್ಲೀನಾ' ಉಳೀತಾರ ಅಂತಾನ. ಅಲ್ಲಿ 'ಅಭ್ಯಾಸದಾಗ' ಅಂತ ಹಾಕ್ರಿ. ಅಷ್ಟು ವರ್ಷ ಯಾಕ ಅನ್ನೋದೂ ಅಲ್ಲೇ ಐತಿ: ರಾಶಿ ಪದ್ಯ ಬಾಯಿಪಾಠ ಮಾಡಬೇಕು, ಬರದಿಡೋ ಹಂಗಿಲ್ಲ. ಬಾಯಿಪಾಠಕ್ಕ ಬಳಸಿದ 'ಏದಿಸ್ಕೆರೆ' ಕ್ರಿಯಾಪದಾನೂ 'ದಿಸ್ಕೆರೆ'ದ್ದೇ, ಅಂದ್ರ 'ಕಲಿ' ಅನ್ನೋದರದ್ದೇ. ಆ ಸಂಬಂಧ ಕನ್ನಡದಾಗೂ ಕಾಣಬೇಕು ಅನಿಸಿದ್ರ 'ಕಲಿ'ಯ ರೂಪಗಳನ್ನೇ ಎರಡೂ ಕಡೆ ಹಿಡೀರಿ.

ಗೋಲಗುಮ್ಮಟ, ವಿಜಯಪುರ:
ಸೈನ್ಯದ ಮಾತು ಬಂದಾಗ ಮಾತ್ರ 'ಶಿಸ್ತು' ಸರಿ. ರೋಮಿನ ಇತಿಹಾಸಕಾರ ಲಿವಿಯ 8ನೇ ಪುಸ್ತಕದಾಗ ಮಾನ್ಲಿಯುಸ್ ತೋರ್ಕ್ವಾತುಸ್ ಅನ್ನೋ ಸೇನಾಪತಿ ಅಪ್ಪಣೆ ಮೀರಿ ಒಬ್ಬಂಟಿ ಕಾದಿದ ಮಗನಿಗೆ ಮರಣದಂಡನೆ ಕೊಡ್ತಾನ. ಆತನ ಬಾಯಾಗ ಬರೋದು 'ದಿಸ್ಕಿಪ್ಲೀನ ಮೀಲಿತಾರಿಸ್', ಅಂದ್ರ ಸೈನ್ಯದ ಶಿಸ್ತು. ರೋಮಿನ ಚಕ್ರವರ್ತಿ ಹೇಡ್ರಿಯನ್ನನ ನಾಣ್ಯದ ಮ್ಯಾಲೂ 'ದಿಸ್ಕಿಪ್ಲೀನ ಔಗ್' ಅಂತ ಕೆತ್ತಿರ್ತದ, ಕೊನೀದು 'ಔಗುಸ್ತಿ' (ಚಕ್ರವರ್ತಿಯ) ಅನ್ನೋದರ ಹ್ರಸ್ವರೂಪ. ಈ ದಿಸ್ಕಿಪ್ಲೀನನ್ನ ದೇವತೆಯಾಗಿ ಸೈನಿಕರು ಪೂಜೆ ಮಾಡಿದ್ದಕ್ಕ ಬ್ರಿಟನ್ನಿನ ಕೋಟೆಗಳಾಗ ಬಲಿಪೀಠ ಸಿಕ್ಕಾವ.
'ಎತ್ರುಸ್ಕ ದಿಸ್ಕಿಪ್ಲೀನ' (ಇಟಲಿಯ ಹಳೇ ಎತ್ರುಸ್ಕನ್ ಜನರದ್ದು) ಕಂಡ್ರ 'ಶಾಸ್ತ್ರ' ಅನ್ರಿ. ಬಲಿಪ್ರಾಣಿಯ ಕಾಳಜ ನೋಡಿ, ಸಿಡಿಲು ನೋಡಿ ಶಕುನ ಹೇಳೋ ವಿದ್ಯೆ ಅದು.

ಖಾನಾಪುರದವ:
ಬೈಬಲ್ಲಿನ ವುಲ್ಗಾತ (ಹಳೇ ಲ್ಯಾಟಿನ್ ಅನುವಾದ) ಪಾಠಕ್ಕ ಇವು ಯಾವೂ ಸಾಲಂಗಿಲ್ಲ. ಜ್ಞಾನೋಕ್ತಿ 3:11ರಾಗ ತಂದೆ ಮಗನ್ನ ತಿದ್ದೋ ಅರ್ಥ ಐತಿ, ಪೆಟ್ಟಿನ ಬಿಸೀನೂ ಐತಿ. ಅಲ್ಲಿ ನಮ್ಮ 'ಶಿಕ್ಷೆ' ಛಲೋ ಕೂಡ್ತದ. ಅದೂ ಕಲಿಕೆಯಿಂದ ದಂಡನೆಗೆ ಬಂದ ಪದಾನೇ. ಮುಂದ ಮಠಗಳಾಗ ಮೈಗೆ ಹೊಡಕೊಳ್ಳೋ ಚಾಟಿಗೂ ಇದೇ ಹೆಸರು ಬಿತ್ತು. ಚರ್ಚಿನ ಉಚ್ಚಾರ ಬ್ಯಾರೆ, 'ದಿಶಿಪ್ಲೀನ'.

ಮಲಪ್ರಭಾ ದಂಡಿ, ಸವದತ್ತಿ:
ಬಾಳ ಉಪಕಾರ ಆತ್ರಿ. 13ಕ್ಕ 'ಕಲಿಯೋ ಸಲುವಾಗಿ', 14ಕ್ಕ 'ಕಲಿಕೆಯೊಳಗ', ಹಿಂಗ ಹಾಕ್ತೀವಿ.