ತಾರಸಿಯ ಮೇಲಿನ ಕ್ಯಾಮೆರಾವನ್ನು ಕೆಳಗಿನ ಕೋಣೆಯ ಕಂಪ್ಯೂಟರಿನಿಂದ ವೈಫೈ ಮೂಲಕ ನಡೆಸುವುದು ಹೇಗೆ?

ಹುಣಸೆಮರ (ಮೈಸೂರು):

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ನೆಲೆಸಿದ್ದರೂ ನಮ್ಮ ಚಿಕ್ಕಮ್ಮನ ಮನೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿದೆ. ಆ ಮನೆಯ ಹಿತ್ತಲಿನ ಹುಣಸೆಮರದಲ್ಲಿ ಬಣ್ಣದ ಕೊಕ್ಕರೆಗಳು ಪ್ರತಿ ವರ್ಷ ಗೂಡು ಕಟ್ಟುತ್ತವೆ. ತಾರಸಿಯಿಂದ ನೋಡಿದರೆ ಎರಡು ಗೂಡುಗಳು ಹೆಚ್ಚುಕಡಿಮೆ ಕಣ್ಣಿನ ಮಟ್ಟದಲ್ಲಿಯೇ ಇರುತ್ತವೆ. ಮರಿಗಳು ಮೊಟ್ಟೆಯಿಂದ ಹೊರಬಂದ ದಿನದಿಂದ ರೆಕ್ಕೆ ಬಲಿತು ಹಾರುವ ದಿನದವರೆಗಿನ ಬೆಳವಣಿಗೆಯನ್ನು ಚಿತ್ರಗಳಲ್ಲಿ ಹಿಡಿದಿಡಬೇಕೆಂಬುದು ನನ್ನ ಬಹಳ ದಿನಗಳ ಆಸೆ. ಆದರೆ ನಾನು ಮೆಟ್ಟಿಲು ಹತ್ತಿ ತಾರಸಿಗೆ ಬಂದ ಕೂಡಲೇ ತಾಯಿ ಕೊಕ್ಕರೆ ಮರಿಗಳ ಬಳಿಯಿಂದ ಎದ್ದು ಕೊಂಬೆಯ ತುದಿಗೆ ಸರಿಯುತ್ತದೆ. ಅದನ್ನು ಕಂಡ ಮೇಲೆ ಅಲ್ಲಿ ನಿಲ್ಲಲು ನನಗೆ ಮನಸ್ಸು ಬರುವುದಿಲ್ಲ.

ಆದ್ದರಿಂದ ಟ್ರೈಪಾಡಿನ ಮೇಲೆ ಕ್ಯಾಮೆರಾವನ್ನು ಬೆಳಕು ಹರಿಯುವ ಮುನ್ನವೇ ಇರಿಸಿ, ಕೆಳಗಿನ ಕೋಣೆಯಲ್ಲಿ ಕುಳಿತು ವಿಂಡೋಸ್ ಲ್ಯಾಪ್‌ಟಾಪಿನಿಂದಲೇ ಶಟರ್, ಅಪರ್ಚರ್, ಫೋಕಸ್ ಎಲ್ಲವನ್ನೂ ನಡೆಸಬೇಕೆಂದುಕೊಂಡಿದ್ದೇನೆ. ಕ್ಯಾಮೆರಾ ಕ್ಯಾನನ್ 80ಡಿ. ತಂತ್ರಾಂಶ ಇಒಎಸ್ ಯುಟಿಲಿಟಿ. ಕ್ಯಾಮೆರಾದ ಸ್ವಂತ ವೈಫೈಗೆ ಲ್ಯಾಪ್‌ಟಾಪನ್ನು ಜೋಡಿಸಿದಾಗ ಪಕ್ಕದಲ್ಲಿದ್ದರೆ ಎಲ್ಲವೂ ಸರಿಯಾಗಿ ನಡೆಯಿತು. ಕೆಳಗಿನ ಕೋಣೆಗೆ ಬಂದರೆ ಸಂಪರ್ಕ ಮತ್ತೆ ಮತ್ತೆ ಕಡಿಯುತ್ತದೆ. ಸಂಪರ್ಕ ಉಳಿದಾಗಲೂ ಒಂದು ರಾ ಚಿತ್ರ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ದೊಡ್ಡ ಮೂಲ ಕಡತ) ಕಂಪ್ಯೂಟರಿಗೆ ಬಂದು ಸೇರಲು ಕಾಲು ನಿಮಿಷ ಹಿಡಿಯುತ್ತದೆ. ಎರಡರ ನಡುವಿನ ದೂರ ಸುಮಾರು 25 ಮೀಟರ್. ಮಧ್ಯದಲ್ಲಿ ಒಂದು ಗೋಡೆ, ಮೆಟ್ಟಿಲಿನ ಮೇಲೆ ತಗಡಿನ ಮಾಡು. ಇದನ್ನು ಸರಿಪಡಿಸುವ ದಾರಿ ಯಾವುದು? ತಂತಿ ಎಳೆಯುವುದೇ ಮೇಲೆಂದಾದರೆ ಅದನ್ನೂ ತಿಳಿಸಿ.

ಬೆಳಕಿನ ಕೋಣೆ (ಸರಸ್ವತಿಪುರಂ, ಮೈಸೂರು):

ನಮಸ್ಕಾರ ಸರ್. ನಾನು ಸ್ಟುಡಿಯೋದಲ್ಲಿ ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸಿಯೇ ಕೆಲಸ ಮಾಡುವವನು. ಮೊದಲು ಯುಎಸ್‌ಬಿ ತಂತಿಯ ಮಾತನ್ನು ಮುಗಿಸಿಬಿಡುತ್ತೇನೆ. ಯುಎಸ್‌ಬಿ 2.0 ತಂತಿಗೆ 5 ಮೀಟರ್ ಮಿತಿ. ಅದಕ್ಕಿಂತ ಉದ್ದ ಬೇಕಾದರೆ ನಡುವೆ ಸಂಕೇತವನ್ನು ಬಲಪಡಿಸುವ ಸಾಧನಗಳು ಬೇಕಾಗುತ್ತವೆ. ನಿಮ್ಮ ದೂರಕ್ಕೆ ಅದು ತೊಡಕಿನ ದಾರಿ.

ನಿಮ್ಮ ತೊಂದರೆಯ ಮೂಲ ದೂರ ಮತ್ತು ತಗಡು. ಕ್ಯಾಮೆರಾದೊಳಗಿನ ಆಂಟೆನಾ ಬಹಳ ಚಿಕ್ಕದು. ಅಡ್ಡಿಯಿಲ್ಲದ ಬಯಲಿನಲ್ಲಿಯೂ ಅದರಿಂದ ಹತ್ತು ಹದಿನೈದು ಮೀಟರಿಗಿಂತ ಹೆಚ್ಚಿನದನ್ನು ನಿರೀಕ್ಷಿಸಬಾರದು. ಈಗ ನೀವು ಬಳಸುತ್ತಿರುವ ಕ್ರಮದಲ್ಲಿ ಕ್ಯಾಮೆರಾವೇ ಜಾಲವನ್ನು ಹರಡುತ್ತದೆ, ಲ್ಯಾಪ್‌ಟಾಪ್ ಅದಕ್ಕೆ ಸೇರಿಕೊಳ್ಳುತ್ತದೆ. ಅದರ ಬದಲಿಗೆ ಒಂದು ಸಾಮಾನ್ಯ ರೌಟರನ್ನು ತಾರಸಿಯ ಬಾಗಿಲಿನೊಳಗೆ, ಕ್ಯಾಮೆರಾದಿಂದ ನಾಲ್ಕೈದು ಮೀಟರ್ ದೂರದಲ್ಲಿ, ನಡುವೆ ತಗಡು ಬಾರದಂತೆ ಇಟ್ಟು, ಕ್ಯಾಮೆರಾವನ್ನು ಆ ರೌಟರಿನ ಜಾಲಕ್ಕೆ ಸೇರಿಸಿ. ಲ್ಯಾಪ್‌ಟಾಪನ್ನು ಮಾತ್ರ ವೈಫೈನಲ್ಲಿ ಸೇರಿಸಬೇಡಿ; ರೌಟರಿನಿಂದ ನೆಟ್‌ವರ್ಕ್ ಕೇಬಲನ್ನೇ ಕೆಳಗಿಳಿಸಿ. ಈ ಕೇಬಲ್ 100 ಮೀಟರಿನವರೆಗೆ ಸಲೀಸಾಗಿ ಕೆಲಸ ಮಾಡುತ್ತದೆ. ಎರಡೂ ವೈಫೈನಲ್ಲಿದ್ದರೆ ಪ್ರತಿಯೊಂದು ಚಿತ್ರವೂ ಕ್ಯಾಮೆರಾದಿಂದ ರೌಟರಿಗೆ ಒಮ್ಮೆ, ರೌಟರಿನಿಂದ ಲ್ಯಾಪ್‌ಟಾಪಿಗೆ ಇನ್ನೊಮ್ಮೆ, ಹೀಗೆ ಒಂದೇ ಚಾನೆಲ್ಲಿನಲ್ಲಿ ಎರಡು ಸಲ ಗಾಳಿಯಲ್ಲಿ ಸಾಗಬೇಕಾಗುತ್ತದೆ ಮತ್ತು ವೇಗ ಅರ್ಧಕ್ಕಿಳಿಯುತ್ತದೆ. 80ಡಿ ಕೇವಲ 2.4 ಗಿಗಾಹರ್ಟ್ಸ್‌ನಲ್ಲಿ ಮಾತನಾಡುವುದರಿಂದ ರೌಟರಿನಲ್ಲಿ ಆ ಪಟ್ಟಿಯನ್ನು ತೆರೆದಿಟ್ಟು, 1, 6, 11ರಲ್ಲಿ ಅಕ್ಕಪಕ್ಕದ ಮನೆಗಳವರು ಬಳಸದಿರುವ ಚಾನೆಲ್ ಆರಿಸಿಕೊಳ್ಳಿ.

ರೌಟರಿಗೆ ಸೇರಿದ ಮೇಲೂ ಕಂಪ್ಯೂಟರಿಗೆ ಕ್ಯಾಮೆರಾ ಕಾಣದೆ ಹೋದರೆ ಗಾಬರಿಯಾಗಬೇಡಿ. ಹೆಚ್ಚಿನ ಸಂದರ್ಭಗಳಲ್ಲಿ ವಿಂಡೋಸ್ ಆ ಜಾಲವನ್ನು ಸಾರ್ವಜನಿಕ ಜಾಲವೆಂದು ಪರಿಗಣಿಸಿ ಫೈರ್‌ವಾಲನ್ನು, ಅಂದರೆ ಹೊರಗಿನ ಸಂಪರ್ಕಗಳನ್ನು ತಡೆಯುವ ಕಾವಲನ್ನು, ಮುಚ್ಚಿರುತ್ತದೆ. ಅದನ್ನು ಖಾಸಗಿ ಜಾಲವೆಂದು ಬದಲಾಯಿಸಿ. ಈ ಕ್ಯಾಮೆರಾಗಳು ಕಂಪ್ಯೂಟರಿನೊಂದಿಗೆ ಮಾತನಾಡುವ ಕ್ರಮಕ್ಕೆ ಪಿಟಿಪಿ-ಐಪಿ ಎಂದು ಹೆಸರು. ಅದು ಟಿಸಿಪಿ 15740ನೆಯ ಪೋರ್ಟನ್ನು (ಜಾಲದ ಸಂಪರ್ಕಕ್ಕಿರುವ ಸಂಖ್ಯೆಯ ಬಾಗಿಲು) ಬಳಸುತ್ತದೆ. ಫೈರ್‌ವಾಲಿನಲ್ಲಿ ಇಒಎಸ್ ಯುಟಿಲಿಟಿಗೆ ಅನುಮತಿ ಕೊಡಿ, ಇಡೀ ಫೈರ್‌ವಾಲನ್ನು ನಿಲ್ಲಿಸುವ ಅಗತ್ಯವಿಲ್ಲ. ಕೆಲವು ರೌಟರುಗಳಲ್ಲಿ ಜಾಲದೊಳಗಿನ ಸಾಧನಗಳು ಒಂದನ್ನೊಂದು ನೋಡದಂತೆ ಬೇರ್ಪಡಿಸುವ ಆಯ್ಕೆಯಿರುತ್ತದೆ. ಅತಿಥಿ ಜಾಲದಲ್ಲಿ ಅದು ಸಾಮಾನ್ಯವಾಗಿ ಚಾಲ್ತಿಯಲ್ಲಿಯೇ ಇರುತ್ತದೆ. ಕ್ಯಾಮೆರಾವನ್ನು ಅತಿಥಿ ಜಾಲಕ್ಕೆ ಸೇರಿಸಬೇಡಿ.

ಇನ್ನು ವೇಗದ ವಿಷಯ, ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ. 80ಡಿಯ ಒಂದು ರಾ ಕಡತ 25ರಿಂದ 30 ಎಂಬಿ ಇರುತ್ತದೆ. ವೈಫೈನಲ್ಲಿ ನಿಮಗೆ ಸೆಕೆಂಡಿಗೆ 2 ಎಂಬಿ ದೊರೆತರೂ ಒಂದು ಚಿತ್ರಕ್ಕೆ 15 ಸೆಕೆಂಡ್ ಬೇಕು. ಸೆಕೆಂಡಿಗೆ 7 ಚಿತ್ರಗಳಂತೆ ಒಂದೇ ಒಂದು ಸೆಕೆಂಡ್ ಗುಂಡಿ ಒತ್ತಿ ಹಿಡಿದರೆ ಅವೆಲ್ಲವೂ ಬಂದು ಸೇರುವ ಹೊತ್ತಿಗೆ ಒಂದೂವರೆ ನಿಮಿಷ ಕಳೆದಿರುತ್ತದೆ. ಅಷ್ಟರಲ್ಲಿ ಕೊಕ್ಕರೆ ಮರಿಗೆ ಮೀನುಣಿಸಿ ಹಾರಿಹೋಗಿರುತ್ತದೆ. ಆದ್ದರಿಂದ ಗಾಳಿಯಲ್ಲಿ ಆಜ್ಞೆಯನ್ನು ಮಾತ್ರ ಕಳುಹಿಸಿ, ಚಿತ್ರವನ್ನು ಕ್ಯಾಮೆರಾದಲ್ಲಿಯೇ ಉಳಿಸಿ. ಇಒಎಸ್ ಯುಟಿಲಿಟಿಯಲ್ಲಿ ಚಿತ್ರಗಳನ್ನು ಕ್ಯಾಮೆರಾದ ಮೆಮೊರಿ ಕಾರ್ಡಿನಲ್ಲಿ ಮಾತ್ರ ಉಳಿಸುವ ಆಯ್ಕೆಯಿದೆ. ಅದನ್ನು ಆರಿಸಿಕೊಂಡರೆ ನೀವು ಒತ್ತಿದ ಕೂಡಲೇ ಮುಂದಿನ ಚಿತ್ರಕ್ಕೆ ಕ್ಯಾಮೆರಾ ಸಿದ್ಧವಾಗಿರುತ್ತದೆ.

ಶಿಂಷಾ ತೀರ (ಮದ್ದೂರು):

ಮೇಲಿನ ಸಲಹೆ ಸರಿಯಾಗಿಯೇ ಇದೆ, ಆದರೆ ಕ್ಯಾಮೆರಾದ ಸ್ವಂತ ವೈಫೈಯನ್ನು ಸಂಪೂರ್ಣವಾಗಿ ಬದಿಗಿಟ್ಟು ಮಾಡುವ ಇನ್ನೊಂದು ದಾರಿಯನ್ನು ಸೇರಿಸಬಯಸುತ್ತೇನೆ. ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರನ್ನು ಟ್ರೈಪಾಡಿನ ಕಾಲಿಗೇ ಕಟ್ಟಿ, ಒಂದು ಮೀಟರಿನ ಯುಎಸ್‌ಬಿ ತಂತಿಯಿಂದ ಕ್ಯಾಮೆರಾಗೆ ಜೋಡಿಸಿ, ಅದರಲ್ಲಿ ಜಿಫೋಟೋ2 ಎಂಬ ಮುಕ್ತ ತಂತ್ರಾಂಶವನ್ನು ಹಾಕಿದರೆ, ಕ್ಯಾಮೆರಾದೊಂದಿಗೆ ಮಾತನಾಡುವ ಕೆಲಸವನ್ನೆಲ್ಲ ಆ ಪುಟ್ಟ ಕಂಪ್ಯೂಟರೇ ನೋಡಿಕೊಳ್ಳುತ್ತದೆ. ನೀವು ಕೆಳಗಿನಿಂದ ವೈಫೈ ಮೂಲಕ ಅದಕ್ಕೆ ಆಜ್ಞೆ ಕೊಟ್ಟರಾಯಿತು. ವೈಫೈ ಕಡಿದರೂ ಮೊದಲೇ ಹೇಳಿಟ್ಟ ಕೆಲಸ ನಿಲ್ಲುವುದಿಲ್ಲ ಎಂಬುದೇ ಇದರ ದೊಡ್ಡ ಲಾಭ. ಎರಡು ನಿಮಿಷಕ್ಕೊಂದು ಚಿತ್ರ ತೆಗೆಯಬೇಕೆಂದು ಹೇಳಿಟ್ಟಿದ್ದರೆ ಅದು ತೆಗೆಯುತ್ತಲೇ ಇರುತ್ತದೆ.

ಜಿಫೋಟೋ2 ಎರಡು ಸಾವಿರಕ್ಕೂ ಹೆಚ್ಚು ಮಾದರಿಯ ಕ್ಯಾಮೆರಾಗಳನ್ನು ಗುರುತಿಸುತ್ತದೆ. ಆರಂಭಿಕ ದರ್ಜೆಯ ಅನೇಕ ಕ್ಯಾಮೆರಾಗಳಲ್ಲಿ ವೈಫೈ ಇದ್ದರೂ ಅದು ಮೊಬೈಲಿನ ಆ್ಯಪಿನೊಂದಿಗೆ ಮಾತ್ರ ಮಾತನಾಡುತ್ತದೆ, ಕಂಪ್ಯೂಟರಿಗೆ ಸ್ಪಂದಿಸುವುದಿಲ್ಲ. ಅಂಥವನ್ನು ಇಟ್ಟುಕೊಂಡವರಿಗೂ ಈ ದಾರಿ ಒದಗುತ್ತದೆ. ನಾನು ಮೊದಲ ಸಲ ಮಾಡಿದಾಗ ಕ್ಯಾಮೆರಾ ಸಿಗುತ್ತಿಲ್ಲವೆಂಬ ಸಂದೇಶ ಬಂದು ಅರ್ಧ ದಿನ ಕಳೆಯಿತು. ಪೈಯ ಡೆಸ್ಕ್‌ಟಾಪ್ ತಾನಾಗಿಯೇ ಕ್ಯಾಮೆರಾವನ್ನು ಕಡತಗಳ ಡ್ರೈವ್ ಎಂಬಂತೆ ತೆರೆದು ಹಿಡಿದುಕೊಂಡಿತ್ತು. ಅದನ್ನು ಬಿಡುಗಡೆ ಮಾಡಿದ ಮೇಲೆ, ಅಥವಾ ಡೆಸ್ಕ್‌ಟಾಪಿಲ್ಲದೆ ಪೈಯನ್ನು ನಡೆಸಿದರೆ, ಆ ತೊಂದರೆ ಇರುವುದಿಲ್ಲ.

ಊರಿನಲ್ಲಿ ಹಗಲು ಕರೆಂಟು ಹೋಗುವುದುಂಟು. ರೌಟರಿಗೆ ಚಿಕ್ಕ 12 ವೋಲ್ಟ್ ಯುಪಿಎಸ್, ಪೈಗೆ ಒಳ್ಳೆಯ ಪವರ್ ಬ್ಯಾಂಕ್ ಇರಲಿ.

ಹೆಜ್ಜಾರ್ಲೆ (ಮಂಡ್ಯ):

ನೀವು ತಾರಸಿಯಿಂದ ಕೆಳಗಿಳಿಯುವ ನಿರ್ಧಾರ ಮಾಡಿದ್ದನ್ನು ಓದಿ ನಿಜವಾಗಿಯೂ ಸಂತೋಷವಾಯಿತು. ಬಿಸಿಲಿನ ಹೊತ್ತಿನಲ್ಲಿ ಬಣ್ಣದ ಕೊಕ್ಕರೆ ರೆಕ್ಕೆ ಹರಡಿ ಮರಿಗಳಿಗೆ ನೆರಳಾಗಿ ನಿಂತಿರುತ್ತದೆ. ಹಕ್ಕಿ ಎದ್ದು ಸರಿದರೆ ಪುಕ್ಕ ಮೂಡದ ಮರಿಗಳು ನೇರ ಬಿಸಿಲಿಗೆ ಬೀಳುತ್ತವೆ, ಜೊತೆಗೆ ಕಾಗೆ ಹದ್ದುಗಳ ಕಣ್ಣಿಗೂ ಬೀಳುತ್ತವೆ. ತವರಿಗೆ ಹೆರಿಗೆಗೆ ಬಂದ ಹೆಣ್ಣುಮಕ್ಕಳೆಂದು ಈ ಹಕ್ಕಿಗಳನ್ನು ಕಾಣುವ ಊರಿನಲ್ಲಿ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕೊಕ್ಕರೆ ಬೆಳ್ಳೂರು ಈಗ ಸಮುದಾಯ ಮೀಸಲು ಪ್ರದೇಶವಾಗಿರುವುದರಿಂದ, ಸ್ವಂತ ಮನೆಯ ತಾರಸಿಯಾದರೂ ಅರಣ್ಯ ಇಲಾಖೆಯ ಸ್ಥಳೀಯ ಸಿಬ್ಬಂದಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆದುಕೊಳ್ಳಿ.

ಕ್ಯಾಮೆರಾದ ಬಗ್ಗೆ ಮೂರು ಮಾತು. 80ಡಿಯಲ್ಲಿ ಕನ್ನಡಿ ಏರಿ ಇಳಿಯುವ ಸದ್ದು ಇದ್ದೇ ಇರುತ್ತದೆ. ಸದ್ದು ಕಡಿಮೆ ಮಾಡುವ ಚಿತ್ರೀಕರಣದ ಆಯ್ಕೆಯನ್ನು ಆರಿಸಿಕೊಳ್ಳಿ. ಫೋಕಸನ್ನು ಕಂಪ್ಯೂಟರಿನ ಬಾಣದ ಗುರುತುಗಳಿಂದ ಹೊಂದಿಸಬೇಕಾದರೆ ಲೆನ್ಸಿನ ಮೇಲಿನ ಗುಂಡಿ ಸ್ವಯಂಚಾಲಿತ ಫೋಕಸಿನ ಕಡೆಗೇ ಇರಬೇಕು. ಕೈಯಿಂದ ಹೊಂದಿಸುವ ಕಡೆಗೆ ತಿರುಗಿಸಿಟ್ಟರೆ ಆ ಬಾಣಗಳು ಕೆಲಸ ಮಾಡುವುದಿಲ್ಲ. ನಾನು ಇದನ್ನು ತಿಳಿಯದೆ ಕತ್ತಲಲ್ಲಿ ಮತ್ತೊಮ್ಮೆ ತಾರಸಿ ಹತ್ತಿದ್ದೆ. ಲೈವ್ ವ್ಯೂವನ್ನು (ಲೆನ್ಸ್ ಕಾಣುವುದನ್ನು ಪರದೆಯ ಮೇಲೆ ನೇರವಾಗಿ ತೋರಿಸುವ ಕ್ರಮ) ಚೌಕಟ್ಟು ಮತ್ತು ಫೋಕಸ್ ನೋಡಲು ಮಾತ್ರ ತೆರೆದು, ಕೆಲಸ ಮುಗಿದ ಕೂಡಲೇ ಮುಚ್ಚಿ. ಬಿಸಿಲಿನಲ್ಲಿ ಅದನ್ನು ಬಹಳ ಹೊತ್ತು ತೆರೆದಿಟ್ಟರೆ ಕ್ಯಾಮೆರಾದ ಒಳಭಾಗ ಕಾದು ಚಿತ್ರದ ಗುಣಮಟ್ಟ ಇಳಿಯುತ್ತದೆ. ಬ್ಯಾಟರಿಯ ಲೆಕ್ಕವೂ ಅದನ್ನೇ ಹೇಳುತ್ತದೆ: ಒಂದು ಬ್ಯಾಟರಿಯಲ್ಲಿ ವ್ಯೂಫೈಂಡರ್ ಮೂಲಕ ಸುಮಾರು 960 ಚಿತ್ರಗಳು ಬರುವ ಕಡೆ ಲೈವ್ ವ್ಯೂನಲ್ಲಿ 300 ಮಾತ್ರ.

ಹುಣಸೆಮರ (ಮೈಸೂರು):

ಎಲ್ಲರಿಗೂ ಹೃದಯಪೂರ್ವಕ ಕೃತಜ್ಞತೆಗಳು. ಮೊದಲು ಮೈಸೂರಿನ ಮನೆಯಲ್ಲಿ ಹೂಕುಂಡವನ್ನೇ ಗೂಡೆಂದುಕೊಂಡು ಅಭ್ಯಾಸ ಮಾಡಿ, ಆಮೇಲೆ ಊರಿಗೆ ಹೋಗಿ ಅರಣ್ಯ ಇಲಾಖೆಯವರ ಒಪ್ಪಿಗೆ ಪಡೆದು ಜೋಡಿಸಿದೆ. ರೌಟರನ್ನು ತಾರಸಿಯ ಬಾಗಿಲ ಬಳಿ ಇರಿಸಿ, 20 ಮೀಟರಿನ ಕೇಬಲನ್ನು ಕಿಟಕಿಯಿಂದ ಕೆಳಗಿಳಿಸಿದ್ದೇನೆ. ಸಂಪರ್ಕ ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ ಒಮ್ಮೆಯೂ ಕಡಿಯಲಿಲ್ಲ. ಕಾರ್ಡಿನಲ್ಲಿ ಮಾತ್ರ ಉಳಿಸುವ ಆಯ್ಕೆಯಿಂದಾಗಿ ತಡವೆಂಬುದೇ ಇಲ್ಲ. ಮೊದಲ ಎರಡು ಬಾರಿ ಶಟರ್ ಸದ್ದಿಗೆ ಕೊಕ್ಕರೆ ತಲೆಯೆತ್ತಿ ನೋಡಿತು, ಆಮೇಲೆ ಅದರತ್ತ ಗಮನವನ್ನೇ ಕೊಡಲಿಲ್ಲ.

ಉಳಿದಿರುವುದು ಒಂದೇ ಪ್ರಶ್ನೆ. ಕಾರ್ಡನ್ನೂ ಬ್ಯಾಟರಿಯನ್ನೂ ಬದಲಾಯಿಸಲು ನಾನು ಮಧ್ಯಾಹ್ನ ಮೇಲೆ ಹೋಗಲೇಬೇಕಾಗಿದೆ. ಅದನ್ನು ತಪ್ಪಿಸಬಹುದೇ?

ಬೆಳಕಿನ ಕೋಣೆ (ಸರಸ್ವತಿಪುರಂ, ಮೈಸೂರು):

ಖಂಡಿತ ತಪ್ಪಿಸಬಹುದು. ಬ್ಯಾಟರಿಯ ಜಾಗದಲ್ಲಿ ಕೂರುವ, ತಂತಿಯಿಂದ ವಿದ್ಯುತ್ ಪಡೆಯುವ ನಕಲಿ ಬ್ಯಾಟರಿ ಸಿಗುತ್ತದೆ. 80ಡಿಗೆ ಬೇಕಾದದ್ದು ಎಲ್‌ಪಿ-ಇ6 ಅಳತೆಯದು. ಅದರ ಅಡಾಪ್ಟರನ್ನು ಇನ್ವರ್ಟರಿನ ಸಾಲಿಗೆ ಸೇರಿಸಿ. ಚಿತ್ರಗಳಿಗಾಗಿ ಮೇಲೆ ಹೋಗುವುದೂ ಬೇಡ. ಇಒಎಸ್ ಯುಟಿಲಿಟಿಯಿಂದಲೇ ಕಾರ್ಡಿನಲ್ಲಿರುವುದನ್ನು ವೈಫೈ ಮೂಲಕ ಇಳಿಸಿಕೊಳ್ಳಬಹುದು, ರಾತ್ರಿ ಯಾವ ಅವಸರವೂ ಇರುವುದಿಲ್ಲ. 8 ಎಂಬಿಯ 300 ಜೆಪೆಗ್ ಚಿತ್ರಗಳು ಸೆಕೆಂಡಿಗೆ 2 ಎಂಬಿಯ ವೇಗದಲ್ಲಿ ಇಪ್ಪತ್ತು ನಿಮಿಷಗಳಲ್ಲಿ ಬಂದು ಸೇರುತ್ತವೆ. ರಾ ಕಡತಗಳಾದರೆ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಕ್ಯಾಮೆರಾ ತಾನಾಗಿ ಆರುವ ಆಯ್ಕೆಯನ್ನು ನಿಷ್ಕ್ರಿಯಗೊಳಿಸಿರಿ, ಮತ್ತು ಕ್ಯಾಮೆರಾದ ಮೇಲೆ ಬಿಳಿ ಹತ್ತಿ ಬಟ್ಟೆಯನ್ನು ಗಾಳಿಗೆ ಅಲುಗದಂತೆ ಕಟ್ಟಿರಿ.

ಹುಣಸೆಮರ (ಮೈಸೂರು):

ನಕಲಿ ಬ್ಯಾಟರಿಗೆ ಹೇಳಿದ್ದೇನೆ. ಮರಿಗಳಿಗೆ ಈಗ ಬಿಳಿಯ ನುಣುಪು ಪುಕ್ಕ ಬಂದಿದೆ. ಮುಂದಿನ ಶನಿವಾರ ಕತ್ತಲಿರುವಾಗಲೇ ಎಲ್ಲವನ್ನೂ ಜೋಡಿಸಿ, ಭಾನುವಾರ ಸಂಜೆ ಕತ್ತಲಾದ ಮೇಲೆ ಬಿಚ್ಚುತ್ತೇನೆ. ನಡುವೆ ತಾರಸಿಯ ಬಾಗಿಲಿಗೆ ಚಿಲಕ ಹಾಕಿಡುವುದಾಗಿ ಚಿಕ್ಕಮ್ಮ ಹೇಳಿದ್ದಾರೆ.