ವಾಬ್ಲರ್ ಎಂಜಿನ್: ಪಿಸ್ಟನ್ ರಾಡ್ ಜೋಡಿಸಿದ ಕೂಡಲೇ ಗಾಳಿ ಸೋರುತ್ತೆ, ಸಹಾಯ ಬೇಕು

ಒಂದೇ ಸಿಲಿಂಡರಿನ ಹಿತ್ತಾಳೆ ವಾಬ್ಲರ್, ಅಂದ್ರೆ ಸಿಲಿಂಡರೇ ಪಿವಟ್ ಮೇಲೆ ಓಲಾಡುತ್ತಾ ತನ್ನ ಪೋರ್ಟನ್ನು (ಗಾಳಿ ತೂತು) ಹಿಂದಿನ ಪ್ಲೇಟಿನ ಎರಡು ತೂತುಗಳಿಗೆ ಸರದಿಯಂತೆ ಸೇರಿಸೋ ಪುಟ್ಟ ಎಂಜಿನ್. ಬೋರ್ 10 ಮಿ.ಮೀ., ಸ್ಟ್ರೋಕ್ 16. ಪಿವಟ್‌ನಿಂದ ಕ್ರ್ಯಾಂಕ್ ಶಾಫ್ಟಿಗೆ 40, ಪೋರ್ಟಿಗೆ 12. ಲೆಕ್ಕದ ಪ್ರಕಾರ ಪ್ಲೇಟಿನ ತೂತುಗಳು ನಡುಗೆರೆಯಿಂದ 2.4 ಮಿ.ಮೀ. ಆಚೀಚೆ ಬರ್ಬೇಕು, ಬಂದಿವೆ. ಡ್ರಿಲ್ 2 ಮಿ.ಮೀ., ಡೆಡ್ ಸೆಂಟರಿನಲ್ಲಿ (ಪಿಸ್ಟನ್ ತುದಿ ಮುಟ್ಟಿದಾಗ) ಎರಡೂ ಮುಚ್ಚುತ್ತವೆ. ಹಾಗಾಗಿ 'ಪೋರ್ಟ್ ಅಳತೆ ನೋಡಿ' ಅನ್ನೋ ಉತ್ತರ ದಯವಿಟ್ಟು ಬೇಡ.

20 ಪಿಎಸ್‌ಐ ಗಾಳಿ ಕೊಟ್ಟರೆ ನಾಲ್ಕೈದು ಸುತ್ತು ಹೊಡೆದು ನಿಲ್ಲುತ್ತೆ. ಸಿಲಿಂಡರಿಗೂ ಪ್ಲೇಟಿಗೂ ನಡುವೆ ಬುಸ್ ಅಂತ ಸೋರಿಕೆ. ಸಿಲಿಂಡರನ್ನು ಪ್ಲೇಟಿಗೆ ಒತ್ತೋ ಸ್ಪ್ರಿಂಗ್ ಬಿಗಿ ಮಾಡಿದರೆ ಸೋರಲ್ಲ, ಆದರೆ ಕೈಯಲ್ಲೂ ತಿರುಗಲ್ಲ. ಎರಡೂ ಮುಖಗಳನ್ನು ಗಾಜಿನ ಮೇಲೆ 1000 ನಂಬರ್ ವಾಟರ್ ಪೇಪರ್ ಇಟ್ಟು ಉಜ್ಜಿದ್ದಾಯ್ತು, ಪಿವಟ್ ಸುತ್ತ ಚೂರು ತಗ್ಗು ಮಾಡಿದ್ದೂ ಆಯ್ತು.

ತಲೆ ಕೆಡೋದು ಇಲ್ಲಿ. ರಾಡ್ ಬಿಚ್ಚಿಟ್ಟು, ಮುಖಕ್ಕೆ ಮಾರ್ಕರ್ ಬಳಿದು ಆಡಿಸಿದರೆ ಬಣ್ಣ ಎಲ್ಲ ಕಡೆ ಸಮನಾಗಿ ಅಳಿಸುತ್ತೆ. ರಾಡನ್ನು ಕ್ರ್ಯಾಂಕ್ ಪಿನ್ನಿಗೆ ಹಾಕಿದರೆ ಕೆಳ ಅಂಚಲ್ಲಿ ಮಾತ್ರ. ಪೋರ್ಟ್ ಇರೋ ಮೇಲ್ಭಾಗ ಎದ್ದಿರುತ್ತೆ. ಪಿನ್ ಓರೆಯಾಗಿದ್ದರೆ ಅರ್ಧ ಸುತ್ತಿಗೆ ದಿಕ್ಕು ಬದಲಾಗಬೇಕಿತ್ತಲ್ಲ, ಆಗ್ತಿಲ್ಲ. ಪಿನ್ ಮೇಲೆ ರಾಡ್ ಜಾರೋಕೆ ಅರ್ಧ ಮಿ.ಮೀ. ಜಾಗವೂ ಇದೆ. ಉಳಿದ ಅನುಮಾನ ಶಾಫ್ಟ್ ಬುಷ್ (ಶಾಫ್ಟ್ ಒಳಗೆ ತಿರುಗೋ ಕೊಳವೆ) ಮೇಲೆ, ಪ್ಲೇಟಿಗೆ ನೆಟ್ಟಗಿಲ್ಲವೇನೋ.

ಬುಷ್ ತೆಗೆದು ಹೊಸದಾಗಿ ನೆಟ್ಟಗೆ ಬೋರ್ ಮಾಡಲೇಬೇಕಾ, ಅಥವಾ ರಾಡಿನ 3 ಮಿ.ಮೀ. ತೂತನ್ನು 3.2ಕ್ಕೆ ದೊಡ್ಡದು ಮಾಡಿದರೆ ಸಾಕಾ?